ಎಪ್ಪತ್ತನೆಯ ಅಕ್ಷರ

ಟಿಕೋಟಾ ರಸ್ತೆಯ ತಂಪುಗೋದಾಮಿನಿಂದ
ಮುಂಜಾನೆ ಐದಕ್ಕ ಹೊಂಟ ಸಂದೇಶ
ಗುರುಪಾದಪ್ಪ ಮಸಬಿನಾಳರ ಫೋನಿನ್ಯಾಗ
ಎರಡು ತುಂಡಾಗಿ ಬಿತ್ತು.
ಹೆಸರು, ಲಾಟ್ ನಂಬರು, ತೂಕ ಎಲ್ಲಾ ಸರಿ;
ಮೊದಲನೇ ತುಂಡು ‘ಒಣದ್ರಾಕ್’ ಅಂತ ನಿಂತು,
ಎರಡನೇದು ‘ಷಿ ನಾಲ್ಕನೇ ಕೋಣೆಯಲ್ಲಿದೆ’ ಅಂತ ಸುರು.

‘ಬಾಯಾರ, ಷಿ ಅಂದ್ರ ಇಂಗ್ಲಿಷಿನ್ಯಾಗ ಆಕಿ ಅಂತಲ್ಲ?
ನಾಲ್ಕನೇ ಕೋಣ್ಯಾಗ ಯಾರ ಅದಾಳ?’
ನಗಬೇಕೋ ಬ್ಯಾಡೋ ತಿಳೀಲಿಲ್ಲ.

ಸಂದೇಶ ಒಯ್ಯೋ ಲೈಬ್ರರಿ ನಾವು ಬರೆದದ್ದಲ್ಲ.
ಹಗ್ಗ ನಿಮ್ಮದು, ನೀರು ಎಲ್ಲರದು, ಅಂಥಾ ಬಾವಿ.
ಕಾಯಾಂವ ಒಬ್ಬ ತೋಮಾಶ್,
ನಾಲ್ಕಕ್ಕೇ ಕತ್ತಲಾಗೋ ಊರಿನಾಂವ,
ಪಗಾರ ಇಲ್ಲ, ಕೂಸು ಮಲಗಿದ ಮ್ಯಾಲ ಕೆಲಸ.
ಅವನ ಲೆಕ್ಕದಾಗ ಅಕ್ಷರ ಅಂದ್ರ ಇಟ್ಟಂಗಿ:
ಎಪ್ಪತ್ತು ಎಣಿಸು, ಕಡಿ, ಮುಂದಿನ ಗಾಡಿಗೆ ಹೇರು.
ಒತ್ತು ಅಂಬೋದು ಅವ ಕಂಡಿಲ್ಲ,
ಒಂದು ಇನ್ನೊಂದರ ಕಾಲಡಿ ಕೂತು
ಎರಡೂ ಕೂಡಿ ಒಂದೇ ಉಸಿರು ಹಿಡಿಯೋದು.

ನಲವತ್ತೊಂದು ಸಾಲಿನ ತೇಪೆ ಹೊಲಿದು ಕಳಿಸಿದೆ.
ಎಂಟು ದಿನಕ್ಕ ಉತ್ತರ:
‘ಚಲೋ ಐತಿ. ಆದರ ಇದು ನಿಮ್ಮ ಭಾಷೆಗಷ್ಟೇ ಬರೋ ತೊಂದರಿ ಅಲ್ಲೇನು?
ಪರೀಕ್ಷೆ ಬರೀರಿ. ಹೆಸರು ಬದಲಿಸಿರಿ. ಎರಡು ಭಾಗ ಮಾಡಿರಿ.’
ಬರೆದೆ. ಬದಲಿಸಿದೆ. ಎರಡು ಮಾಡಿದೆ.
ಆಮ್ಯಾಲ ಏನೂ ಇಲ್ಲ.

ಇತ್ತ ಮಾರ್ಚ್ ಬಂತು, ಶೆಡ್ಡಿನ್ಯಾಗ ಹಣ್ಣು ಒಣಗಿ
ಗೇಟಿನ ಮುಂದ ಲಾರಿ ಸಾಲು,
ದಿನಕ್ಕ ಮುನ್ನೂರು ಸಂದೇಶ, ಮುನ್ನೂರು ಷಿ.

ಬಿರಾದಾರ ಸಾಹುಕಾರ್ರು ಅಂದರು:
‘ಅವನ ಬಾಗಿಲು ಎಷ್ಟಂತ ಕಾಯ್ತೀ?
ನಕಲು ನಿನ್ನ ಕೈಯಾಗೇ ಐತಿ. ಬ್ಯಾರೆ ಆಗು.’

ಬ್ಯಾರೆ ಆದೆ. ಕವಲೊಡೆಯಾಕ ಒಂದು ಬಟನ್ ಸಾಕು,
ಪಂಚರು ಬ್ಯಾಡ, ನಡುವ ಗ್ವಾಡಿ ಬ್ಯಾಡ,
ಪಾಲಿಗೆ ಬಂದ ಪಾತ್ರಿ ಎಣಿಸೋದು ಬ್ಯಾಡ.
ಅವತ್ತೇ ಸಂಜಿಗೆ ದ್ರಾಕ್ಷಿ ಇಡಿಯಾಗಿ ಹೋತು.
ಗುರುಪಾದಪ್ಪ ಫೋನು ಮಾಡಿ ‘ಆಕಿ ಹೋದ್ಲೇನು?’ ಅಂದರು.

ಕವಲನ್ನ ಹಳಿಯೋದು ನನಗ ಸಲ್ಲ.
ನನ್ನ ಮನ್ಯಾಗ ಆಡೋ ದಖನಿನೂ ಕವಲೇ.
ದಿಲ್ಲಿ ಕಡಿಂದ ಬಂದು ಬಿಜಾಪುರದ ಕ್ವಾಟಿಯೊಳಗ ಉಳಿದು,
ಕನ್ನಡದ ಅಡಗಿಮನಿಯಿಂದ ಕೇಳದೇ ಕಡ ತಂದು,
ತಿರುಗಿ ಒಪ್ಪಿಗಿ ಕೇಳಾಕ ಹೋಗಲಿಲ್ಲ.
ನಮ್ಮ ಅಮ್ಮಿ ಎಂದೂ ದಿಲ್ಲಿಗೆ ಅರ್ಜಿ ಹಾಕಿಲ್ಲ.

ಆದರ ರಾತ್ರಿಗಳು.
ತೋಮಾಶ್ ಅಲ್ಲಿ ಹಳೇ ತೂತು ಮುಚ್ಚತಾನ, ಹೊಸ ಬೀಗ ಹಾಕತಾನ;
ನಾನಿಲ್ಲಿ ಅವನ್ನೆಲ್ಲ ಎತ್ತಿ ತಂದು
ನನ್ನ ನಲವತ್ತೊಂದು ಸಾಲು ತುಳಿಯದಂಗ ಜೋಡಿಸಬೇಕು.
ಮೂರು ವರ್ಷದಾಗ ಹನ್ನೊಂದು ಸಲ.
ಹನ್ನೊಂದನೇ ಸಲ, ರೋಜಾದ ನಿದ್ದಿಗಣ್ಣಿನ್ಯಾಗ
ಒಂದು ಸಾಲು ಬಿಟ್ಟೆ.
ನಾಲ್ಕನೇ ಕೋಣಿ ಬಿಸಿ ಆದದ್ದು ಯಾರಿಗೂ ಸುದ್ದಿ ಮುಟ್ಟಲಿಲ್ಲ.
ಆರು ಟನ್ನು ಹಸಿರು ಮಾಲು ಕಂದು ಬಣ್ಣಕ್ಕ ತಿರುಗಿತ್ತು.
ಸಾಹುಕಾರ್ರು ಬೈಲಿಲ್ಲ.
ಬೈದಿದ್ದರ ಚಲೋ ಇತ್ತು.

ಅದೇ ವಾರ ಒಂದು ಪತ್ರ, ಕಾಂಬೋಡಿಯಾದ ಅಕ್ಕಿ ಗಿರಣಿಯಿಂದ.
ಸ್ರೈಮೊಮ್ ಅಂತ. ನನ್ನ ಕವಲಿಗೆ ಆಕಿ ಇನ್ನೊಂದು ಕವಲು ಮಾಡ್ಯಾಳ.
ಅವರ ಲಿಪಿಯಾಗೂ ಅಕ್ಷರದ ಕೆಳಗ ಅಕ್ಷರ ಕೂಡತೈತಂತ,
ಅದಕ್ಕ ಅವರು ‘ಕಾಲು’ ಅಂತಾರಂತ.
‘ಕಾಲು ಕಡಿದು ಬರ್ತಿತ್ತು, ನಿಮ್ಮಿಂದ ನೆಟ್ಟಗಾತು.’

ನಿಮ್ಮ ಭಾಷೆಗಷ್ಟೇ, ಅಂದಿದ್ದ.

ಇಬ್ಬರೂ ಕೂಡಿ ಹಳೇ ತೇಪೆ ಬಿಚ್ಚಿ, ಧೂಳು ಕೊಡವಿ,
ಎರಡು ಊರಿನ ಹರಕು ಸಂದೇಶ ಜೋಡಿಸಿ ಮತ್ತ ಕಳಿಸಿದಿವಿ.
ತೋಮಾಶ್ ಹತ್ತೊಂಬತ್ತು ಸಾಲು ತಗೊಂಡ.
‘ಮೂರು ವರ್ಷ ಸುಮ್ಮನಿದ್ದೆ, ತಪ್ಪಾತು,
ಎರಡನೇ ಕೂಸು ಹುಟ್ಟಿತ್ತು’ ಅಂದ.
ಉಳಿದ ಇಪ್ಪತ್ತೆರಡು ಬ್ಯಾಡ ಅಂದ, ಕಾರಣ ಕೊಟ್ಟ,
ಅರ್ಧ ನನಗ ಒಪ್ಪಿಗಿ.

ಗೋದಾಮಿನ ಹಳೇ ಕಂಪ್ಯೂಟರಿನ್ಯಾಗ
ಕವಲು ಇನ್ನೂ ಓಡತೈತಿ. ಅಳಿಸಾಕ ಕೈ ಬರವಲ್ದು.

ಕೆಲಸ ಮಾಡಿದವರ ಪಟ್ಟಿಯಾಗ ನನ್ನ ಹೆಸರು ಹಾಕ್ಯಾನ:
ಮೆಜಬೀನ್ ಇನಾಮದಾರ.
ನಡುವಿನ ‘ಹ’ ನುಂಗ್ಯಾನ.
ತಿದ್ದಿ ಕಳಿಸಬೇಕು.
ಒಂದೇ ಸಾಲು.